ಬದುಕಿದ್ದವರ ಶ್ರದ್ಧಾಂಜಲಿ

ನಮ್ಮ ಅಪ್ಪ ಚಾಮರಾಜಪೇಟೆಯಲ್ಲಿ ಸತ್ತವರ ಪೋಸ್ಟರ್ ಮಾಡುತ್ತಿದ್ದರು. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ಟ್ಯೂಷನ್ನಿನ ಪಾಂಪ್ಲೆಟ್ಟು ಎಲ್ಲವನ್ನೂ ಪ್ರಿಂಟ್ ಮಾಡುತ್ತಿದ್ದರು ನಿಜ, ಆದರೆ ಅವರಿಗೆ ಹೆಸರು ಬಂದದ್ದು ಸಾವಿನಿಂದಲೇ. ಮನೆಯ ಮುಂದಿನ ಕೋಣೆಯೇ ಅಂಗಡಿ. ಒಂದು ಉದ್ದನೆಯ ಮೇಜು, ಮರದ ಚೌಕಟ್ಟಿಗೆ ಬಟ್ಟೆ ಬಿಗಿದ ನಾಲ್ಕಾರು ಪ್ರಿಂಟಿಂಗ್ ಸ್ಕ್ರೀನುಗಳು, ಬಣ್ಣ ಎಳೆಯುವ ರಬ್ಬರ್ ಪಟ್ಟಿ, ಹಾಳೆ ಒಣಗಿಸುವ ದಾರ. ಪೇಟೆಯಲ್ಲಿ ಯಾರಾದರೂ ತೀರಿಕೊಂಡರೆ, ಇನ್ನೂ ಹೆಣಕ್ಕೆ ಸ್ನಾನ ಆಗುವ ಮೊದಲೇ ಆ ಮನೆಯವರೊಬ್ಬರು ಫೋಟೋ ಹಿಡಿದು ನಮ್ಮ ಬಾಗಿಲಿಗೆ ಬರುತ್ತಿದ್ದರು. ಎರಡು ಗಂಟೆಯೊಳಗೆ ಪೋಸ್ಟರ್ ಗೋಡೆಯ ಮೇಲೆ ಇರಬೇಕು. ಸುತ್ತಲೂ ಕಪ್ಪು ಅಂಚು, ಎಡಕ್ಕೊಂದು ಬಲಕ್ಕೊಂದು ದೀಪ, ನಡುವೆ ಮೊಟ್ಟೆಯಾಕಾರದಲ್ಲಿ ಮುಖ, ಮೇಲೆ 'ಭಾವಪೂರ್ಣ ಶ್ರದ್ಧಾಂಜಲಿ'. ಬೀದಿಗೆ ಸುದ್ದಿ ಮುಟ್ಟುತ್ತಿದ್ದದ್ದು ಅದರಿಂದ.

ತಂದ ಫೋಟೋಗಳು ಯಾವತ್ತೂ ಸರಿ ಇರುತ್ತಿರಲಿಲ್ಲ. ರೇಷನ್ ಕಾರ್ಡಿನಿಂದ ಕಿತ್ತದ್ದು, ಯಾರದೋ ಮದುವೆಯ ಗುಂಪಿನಲ್ಲಿ ಮೂಲೆಗೆ ನಿಂತದ್ದು, ಕಣ್ಣು ಮುಚ್ಚಿದಾಗ ಕ್ಲಿಕ್ಕಿಸಿದ್ದು. ಅಪ್ಪ ಸಣ್ಣ ಬ್ರಶ್ಶಿನಿಂದ ಕಣ್ಣು ತೆರೆಸುತ್ತಿದ್ದರು. ಪಕ್ಕದವನ ಭುಜ ಅಡ್ಡ ಬಂದಿದ್ದರೆ ಅದನ್ನು ಮುಚ್ಚಲು ಒಂದು ಕರಿ ಕೋಟು ಬರೆಯುತ್ತಿದ್ದರು. ಬದುಕಿದ್ದಾಗ ಅಂಗಿಯ ಗುಂಡಿ ಸಹ ಸರಿಯಾಗಿ ಹಾಕಿಕೊಳ್ಳದ ಎಷ್ಟೋ ಜನ ಸತ್ತ ಮೇಲೆ ಅಪ್ಪನ ದಯೆಯಿಂದ ಕೋಟು ತೊಟ್ಟು ಗೋಡೆ ಹತ್ತಿದ್ದಾರೆ. ಮನೆಯವರು ಅದನ್ನು ನೋಡಿ ಅತ್ತು, 'ಅವರು ಹಿಂಗೇ ಇದ್ರು' ಎನ್ನುತ್ತಿದ್ದರು. ನನಗೆ ಒಳಗೊಳಗೇ ನಗು ಬರುತ್ತಿತ್ತು.

ಮೊದಲನೆಯ ಪೋಸ್ಟರನ್ನು ಮಾತ್ರ ಅಪ್ಪ ಇನ್ನೊಬ್ಬರ ಕೈಗೆ ಕೊಡುತ್ತಿರಲಿಲ್ಲ. ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಮೈದಾ ಗಂಜಿಯ ಡಬ್ಬ ಹಿಡಿದು ಬರಿಗಾಲಲ್ಲಿ ಹೋಗಿ, ಸತ್ತವರ ಬೀದಿಯ ಮೂಲೆಯಲ್ಲಿ ತಾವೇ ಅಂಟಿಸಿ ಒಂದು ನಿಮಿಷ ನಿಲ್ಲುತ್ತಿದ್ದರು. ಆಮೇಲೆ ಆ ಮನೆಗೆ ಹೋಗಿ, ಹೆಣ ಎತ್ತಿದಾಗ ಬೀದಿ ತುದಿಯವರೆಗೆ ನಡೆದು ವಾಪಸ್ಸು ಬರುತ್ತಿದ್ದರು. ಬ್ರಾಹ್ಮಣರ ಮನೆ, ಸಾಬರ ಮನೆ, ನಮ್ಮವರ ಮನೆ ಎಂಬ ಭೇದ ಇರಲಿಲ್ಲ. ಹೀಗೆ ಇಪ್ಪತ್ತೈದು ವರ್ಷ ನಡೆದಿದ್ದರು. ಅಪ್ಪನಿಗೆ ಇದ್ದದ್ದು ಒಂದೇ ಒಂದು ಜಂಬ. ಊಟಕ್ಕೆ ಕೂತಾಗ, ಮೂಡ್ ಚೆನ್ನಾಗಿದ್ದರೆ ಅಮ್ಮನಿಗೆ ಹೇಳುತ್ತಿದ್ದರು: "ನಾನ್ ಹೋದಾಗ ನೋಡ್ತಿರು, ಬೀದಿ ತುಂಬತ್ತೆ. ಎಲ್ಲರ ಮನೆಗೂ ಹೋಗಿದೀನಿ, ಎಲ್ರೂ ಬರ್ತಾರೆ." ಅಮ್ಮ ಸರ್ಕಾರಿ ಶಾಲೆಯಲ್ಲಿ ಆಯಾ ಆಗಿದ್ದವಳು, ದಿನವಿಡೀ ಮಕ್ಕಳ ಗಲಾಟೆ ಕೇಳಿ ಬಂದಿರುತ್ತಿದ್ದಳು. "ಅನ್ನ ಆರೋಗ್ತಿದೆ, ತಿನ್ನಿ" ಎನ್ನುತ್ತಿದ್ದಳು.

ತಮ್ಮ ಪೋಸ್ಟರಿಗೆ ಬೇಕಾದ ಫೋಟೋವನ್ನೂ ಅಪ್ಪ ಸಿದ್ಧ ಮಾಡಿ ಇಟ್ಟುಕೊಂಡಿದ್ದರು. ಇದನ್ನು ಹೇಳಿದರೆ ಜನ ಬೆಚ್ಚಿ ಬೀಳುತ್ತಾರೆ. ನಮ್ಮ ಮನೆಯಲ್ಲಿ ಅದು ಮಳೆಗಾಲಕ್ಕೆ ಮೊದಲೇ ಛತ್ರಿ ರಿಪೇರಿ ಮಾಡಿ ಇಟ್ಟಷ್ಟು ಮಾಮೂಲು. ನಲವತ್ತೆಂಟನೆಯ ವಯಸ್ಸಿನಲ್ಲಿ ಬಸವನಗುಡಿಯ ಸ್ಟುಡಿಯೋಗೆ ಹೋಗಿ, ಬಿಳಿ ಅಂಗಿ ಹಾಕಿ, ಗಲ್ಲ ಕೊಂಚ ಎತ್ತಿ ತೆಗೆಸಿಕೊಂಡ ಫೋಟೋ. ಕೋಟು ಬರೆದುಕೊಂಡಿರಲಿಲ್ಲ. ಅದು ಮೇಜಿನ ಡ್ರಾಯರಿನಲ್ಲಿ ಒಂದು ಕಂದು ಕವರಿನೊಳಗೆ ಇತ್ತು.

ತೊಂಬತ್ತರ ದಶಕದ ನಡುವೆ ನಾನು ಚಿತ್ರಕಲೆ ಕಲಿಯಲು ಸೇರಿದೆ. ಮೂರು ವರ್ಷ ಮಡಕೆ, ಬಾಳೆಹಣ್ಣು, ಮಡಿಸಿಟ್ಟ ಬಟ್ಟೆ ಬರೆದದ್ದೇ ಬರೆದದ್ದು. ನನ್ನ ಬಾಳೆಹಣ್ಣು ಕೊನೆಯವರೆಗೂ ಬದನೆಕಾಯಿಯಂತೆಯೇ ಕಂಡಿತು. ಮೇಷ್ಟ್ರು ತಲೆ ಅಲ್ಲಾಡಿಸಿ ಮುಂದೆ ಹೋಗುತ್ತಿದ್ದರು. ನನಗೆ ಕೋಪ ಬರುತ್ತಿತ್ತು, ಯಾರ ಮೇಲೆ ಅಂತ ಗೊತ್ತಾಗುತ್ತಿರಲಿಲ್ಲ. ಆಗ ಮತ್ತಿಕೆರೆಯಲ್ಲಿ ಒಂದು ರೂಮು ಮಾಡಿಕೊಂಡಿದ್ದ ಗೆಳತಿಯೊಬ್ಬಳು ಒಂದು ಕ್ಯಾಸೆಟ್ ಕೇಳಿಸಿದಳು. ಹಡಗಿನಲ್ಲಿ ಕೆಲಸ ಮಾಡುತ್ತಿದ್ದ ಅವಳ ಅಣ್ಣ ತಂದುಕೊಟ್ಟದ್ದು. ಮೂರೇ ಮೂರು ಸ್ವರ ಬಡಿಯುವ ಗಿಟಾರು, ಶ್ರುತಿಯ ಹಂಗಿಲ್ಲದ ಕೂಗು, ಎರಡು ನಿಮಿಷಕ್ಕೆ ಹಾಡು ಖತಂ. "ಇದು ಪಂಕ್ ಕಣೇ" ಎಂದಳು. ಪದ ಅರ್ಧಕ್ಕರ್ಧ ತಿಳಿಯಲಿಲ್ಲ. ಬೈಯುತ್ತಿದ್ದಾರೆ ಎನ್ನುವುದು ಮಾತ್ರ ಚೆನ್ನಾಗಿ ತಿಳಿಯಿತು, ಅಷ್ಟು ಸಾಕಾಗಿತ್ತು.

ಹಾಡಿಗಿಂತ ನನ್ನನ್ನು ಹಿಡಿದದ್ದು ಕ್ಯಾಸೆಟ್ಟಿನ ಹೊದಿಕೆ. ಪೇಪರಿನಿಂದ ಕತ್ತರಿಸಿ ಅಂಟಿಸಿದ ಅಂಕುಡೊಂಕು ಅಕ್ಷರ, ಜೆರಾಕ್ಸ್ ಮಾಡಿ ಮಾಡಿ ಬರೀ ಕಪ್ಪು ಬಿಳುಪಾಗಿ ಒಡೆದುಹೋದ ಮುಖಗಳು. ಚೆನ್ನಾಗಿ ಬರೆಯಲು ಬಾರದವರೂ ಹೀಗೆ ಮಾಡಬಹುದು ಎಂದು ಯಾರೂ ನನಗೆ ಹೇಳಿರಲಿಲ್ಲ. ಆ ವಾರವೇ ತಲೆಯ ಒಂದು ಬದಿಯ ಕೂದಲು ಬೋಳಿಸಿ, ಕಿವಿಗೆ ಸೇಫ್ಟಿ ಪಿನ್ನು ಹಾಕಿಕೊಂಡು ಮನೆಗೆ ಬಂದೆ. ಅಮ್ಮ ನೋಡಿದವಳೇ, "ಪಿನ್ನು ಇರೋದು ಸೀರೆಗೆ ಕಣೇ, ಕಿವಿಗಲ್ಲ. ಬಿಚ್ಚಿ ಇಲ್ಲಿ ಕೊಡು, ನಂಗೇ ಒಂದು ಕಮ್ಮಿ ಇದೆ" ಎಂದಳು. ಅಪ್ಪ ತಲೆ ಎತ್ತಿ ನೋಡಿ ಮತ್ತೆ ಯಾರದೋ ಕಣ್ಣು ತೆರೆಸುವ ಕೆಲಸಕ್ಕೆ ಇಳಿದರು.

ಆಗ ನಮ್ಮ ವಾರ್ಡಿನ ಮುಖಂಡರೊಬ್ಬರ ಹುಟ್ಟುಹಬ್ಬಕ್ಕೆ ನೀರಿನ ಟ್ಯಾಂಕಿಗಿಂತ ಎತ್ತರದ ಕಟೌಟ್ ನಿಲ್ಲಿಸಿದ್ದರು. ಅದೇ ಬೀದಿಯ ನಲ್ಲಿಯಲ್ಲಿ ಹನಿ ನೀರಿಲ್ಲ. ಪೇಪರಿನಲ್ಲಿ ಬಂದಿದ್ದ ಅವರ ಮುಖ ಕತ್ತರಿಸಿ, ಜೆರಾಕ್ಸ್ ಅಂಗಡಿಯಲ್ಲಿ ನಾಲ್ಕು ಸಲ ದೊಡ್ಡದು ಮಾಡಿಸಿ, ಒಣ ನಲ್ಲಿಯ ಚಿತ್ರಕ್ಕೆ ತಲೆಯಾಗಿ ಅಂಟಿಸಿದೆ. ನಲವತ್ತು ಪ್ರತಿ ತೆಗೆದು, ನಾನೂ ಗೆಳತಿಯೂ ಬೆಳಿಗ್ಗೆ ಹಾಲಿನವರ ಜೊತೆ ಎದ್ದು ಗೋಡೆಗಳಿಗೆ ಮೆತ್ತಿದೆವು. ರಂಗೋಲಿ ಹಾಕುತ್ತಿದ್ದ ಹೆಂಗಸರು, ಹುಡುಗಿಯರು ಏನೋ ಭಜನೆಯ ನೋಟೀಸು ಅಂಟಿಸುತ್ತಿದ್ದಾರೆ ಎಂದುಕೊಂಡು, "ಇಲ್ಲೂ ಒಂದು ಹಾಕ್ರಮ್ಮಾ" ಎಂದು ಕರೆದರು. ಹಾಕಿದೆವು. ಮಧ್ಯಾಹ್ನದೊಳಗೆ ಮುಖಂಡರ ಕಡೆಯವರು ಅರ್ಧ ಕಿತ್ತರು, ಉಳಿದರ್ಧ ನೋಡಿ ಜನ ನಕ್ಕರು. ನನ್ನ ಜೀವನದಲ್ಲಿ ಅಷ್ಟು ಖುಷಿಯಾದ ದಿನ ಇನ್ನೊಂದಿಲ್ಲ.

ಅಪ್ಪನಿಗೆ ಒಂದು ಪ್ರತಿ ತೋರಿಸಿದೆ. ನಾನು ಕೇಳಬೇಕೆಂದಿದ್ದದ್ದು ಒಂದು ಮಾತು: ಚೆನ್ನಾಗಿದೆ ಅಂತಲೋ, ಕೆಟ್ಟದಾಗಿದೆ ಅಂತಲೋ. ಅವರು ಹಾಳೆಯನ್ನು ಬೆಳಕಿಗೆ ಹಿಡಿದು, ಬೆರಳಿನಿಂದ ಸವರಿ, "ಕಪ್ಪು ಕೂತಿಲ್ಲ. ಜೆರಾಕ್ಸಿನಲ್ಲಿ ಕೂರಲ್ಲ" ಎಂದರು. ಅದಕ್ಕೇ ನಾನು ಅವರ ಸ್ಕ್ರೀನಿಗೆ ಕೈ ಹಾಕಿದೆ. ಭಾನುವಾರ ಅಪ್ಪ ಓಕಳಿಪುರಂನ ಅತ್ತೆ ಮನೆಗೆ, ಅಂದರೆ ಅವರ ತಂಗಿಯ ಮನೆಗೆ ಹೋಗುತ್ತಿದ್ದರು. ಆ ಹೊತ್ತಿನಲ್ಲಿ ಅಂಗಡಿ ನನ್ನದಾಗುತ್ತಿತ್ತು.

ಗೋಡೆಗೆ ಅಂಟಿಸಿದ್ದನ್ನೆಲ್ಲ ಜನ ನೋಡುವುದಿಲ್ಲ ಎಂದು ಒಂದೆರಡು ತಿಂಗಳಲ್ಲೇ ಗೊತ್ತಾಯಿತು. ಸಿನಿಮಾ ಪೋಸ್ಟರ್ ಪಕ್ಕದಲ್ಲಿ ನನ್ನದು ಮಂಕು. ಜನ ತಪ್ಪದೆ ನಿಂತು ನೋಡುತ್ತಿದ್ದದ್ದು ಒಂದನ್ನೇ, ಸತ್ತವರ ಪೋಸ್ಟರನ್ನು. ಸೈಕಲ್ಲಿನಲ್ಲಿ ಹೋಗುತ್ತಿದ್ದವನೂ ಕಾಲು ಊರಿ, ಯಾರಪ್ಪಾ ಹೋದದ್ದು ಎಂದು ನೋಡುತ್ತಿದ್ದ. ಹಾಗಿದ್ದರೆ ಅದನ್ನೇ ಯಾಕೆ ಬಳಸಬಾರದು? ಅಪ್ಪ ಕೈಯಾರೆ ಬರೆದಿದ್ದ ಅಂಚು, ಅವರ ಎರಡು ದೀಪ ಹಾಗೇ ತೆಗೆದುಕೊಂಡೆ. ನಡುವಿನ ಮೊಟ್ಟೆಯಾಕಾರದೊಳಗೆ ನಲ್ಲಿಯ ಫೋಟೋ ಕೂರಿಸಿದೆ. 'ನಮ್ಮ ಪ್ರೀತಿಯ ಬೀದಿ ನಲ್ಲಿಯವರು ದೀರ್ಘಕಾಲದ ಬಾಯಾರಿಕೆಯಿಂದ ನಿಧನರಾದರೆಂದು ತಿಳಿಸಲು ವಿಷಾದಿಸುತ್ತೇವೆ. ಇಂತಿ, ದುಃಖತಪ್ತ ಬಿಂದಿಗೆಗಳು.' ಆಮೇಲೆ ಫುಟ್‌ಪಾತ್ ಸತ್ತಿತು. ಮುಖಂಡರು ಕೊಟ್ಟಿದ್ದ ಭರವಸೆ ಸತ್ತಿತು. ಒಬ್ಬ ಸಚಿವರ ಆತ್ಮಸಾಕ್ಷಿ ಸತ್ತಾಗ ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ಜನ ಗುಂಪುಗಟ್ಟಿ ನಕ್ಕರಂತೆ. ಟೀ ಅಂಗಡಿಗಳಲ್ಲಿ "ಈ ವಾರ ಯಾರು ಗುರು ಔಟ್?" ಎಂದು ಕೇಳುವುದು ಶುರುವಾಯಿತು. ಪೊಲೀಸಿನವರೊಬ್ಬರು ವಿಚಾರಿಸಲು ಅಂಗಡಿಗೂ ಬಂದರು. ಒಳಗೆ ಅಪ್ಪನನ್ನು ಕಂಡು, ತಮ್ಮ ತಾಯಿಯ ಪೋಸ್ಟರ್ ಮಾಡಿಕೊಟ್ಟವರು ಇವರೇ ಎಂದು ನೆನಪಾಗಿ, ನೀರು ಕುಡಿದು ಹೊರಟುಹೋದರು. ಅಪ್ಪನಿಗೆ ಅವರು ಬಂದದ್ದು ಯಾಕೆ ಅಂತಲೇ ತಿಳಿಯಲಿಲ್ಲ.

ತಿಳಿದದ್ದು ಬುಲ್ ಟೆಂಪಲ್ ರೋಡಿನಲ್ಲಿ. ಟೀಚರಮ್ಮ ಒಬ್ಬರು ತೀರಿಕೊಂಡಿದ್ದರು. ಅಪ್ಪ ಬರಿಗಾಲಲ್ಲಿ ಹೋಗಿ ಅವರ ಮೊದಲ ಪೋಸ್ಟರ್ ಅಂಟಿಸಬೇಕಾದ ಗೋಡೆಯ ಮೇಲೆ ನನ್ನ ನಲ್ಲಿ ಇತ್ತು. ಅದೇ ಅಂಚು, ಅದೇ ದೀಪ. ಟೀಚರಮ್ಮನ ಮಗ ಪಕ್ಕದಲ್ಲೇ ನಿಂತು ಎರಡನ್ನೂ ನೋಡಿದರಂತೆ. ಅಪ್ಪ ಮನೆಗೆ ಬಂದು, ಕಾಲು ತೊಳೆದು, ನನ್ನನ್ನು ಕರೆದರು.

"ನೀನು ಯಾರನ್ನ ಬೇಕಾದ್ರೂ ಬಯ್ಯಿ. ನಾನು ಬೇಡ ಅನ್ನಲ್ಲ. ಆ ಅಂಚು ಒಂದು ಬಿಟ್ಬಿಡು."

"ಯಾಕೆ?"

"ಅದು ಸತ್ತೋರ ಜಾಗ ಕಣಮ್ಮ."

ನಾನು ಸುಮ್ಮನಿರಬಹುದಿತ್ತು. ಬೇರೆ ಅಂಚು ಬರೆದುಕೊಡಿ ಎಂದಿದ್ದರೆ ಖಂಡಿತ ಬರೆದುಕೊಡುತ್ತಿದ್ದರು. ಆದರೆ ನನ್ನ ತಲೆಯಲ್ಲಿ ಆ ಕ್ಯಾಸೆಟ್ಟು ಓಡುತ್ತಿತ್ತು, ಯಾರ ಮಾತನ್ನೂ ಕೇಳಬಾರದು ಎನ್ನುವುದೇ ಧರ್ಮವಾಗಿತ್ತು. "ನೀವು ಇಪ್ಪತ್ತೈದು ವರ್ಷದಿಂದ ಸುಳ್ಳು ಕೋಟು ಬರೀತಿದೀರ. ನಾನು ನಿಜ ಹೇಳ್ತಿದೀನಿ. ನಿಮ್ಮ ಪೋಸ್ಟರ್ ಮೂರು ದಿನಕ್ಕೆ ಮರೀತಾರೆ, ನಂದನ್ನ ನೆನಪಿಟ್ಕೋತಾರೆ" ಎಂದೆ. ಅಪ್ಪನ ಮುಖ ನೋಡಿ ಆಗಲೇ ನಾಚಿಕೆಯಾಯಿತು. ಆದರೂ ಬ್ಯಾಗು ಎತ್ತಿಕೊಂಡು ಮತ್ತಿಕೆರೆಗೆ, ಗೆಳತಿಯ ರೂಮಿಗೆ ಹೋದೆ. ಹಬ್ಬ ಹರಿದಿನಕ್ಕೆ ಬರುತ್ತಿದ್ದೆ, ಊಟ ಮಾಡುತ್ತಿದ್ದೆ. ಅಂಚಿನ ಮಾತು ಇಬ್ಬರೂ ಎತ್ತಲಿಲ್ಲ, ನಾನು ಬಿಡಲೂ ಇಲ್ಲ.

ಒಂದು ಚುನಾವಣೆ ಬಂತು. ಆ ಸಲ ಮತದಾರನನ್ನೇ ಸಾಯಿಸೋಣ ಎನ್ನಿಸಿತು. 'ನಮ್ಮ ನೆಚ್ಚಿನ ಮತದಾರರು ಬೆರಳಿನ ಶಾಯಿ ಆರುವ ಮುನ್ನವೇ ನಮ್ಮನ್ನಗಲಿದ್ದಾರೆ. ಮುಂದಿನ ಐದು ವರ್ಷ ಯಾರೂ ಇವರನ್ನು ಹುಡುಕುವುದು ಬೇಡ. ಇಂತಿ, ಗೆದ್ದವರು.' ಬರಹ ಸಿದ್ಧವಾಯಿತು, ಮುಖ ಸಿಗಲಿಲ್ಲ. ಪೇಪರುಗಳನ್ನು ತಿರುವಿದೆ. ಎಲ್ಲೂ ಒಬ್ಬ ಮಾಮೂಲಿ ಮನುಷ್ಯನ ಮುಖ ಇಲ್ಲ. ಹೇಳಿದ್ದನ್ನು ನಂಬುವ, ಸಾಲಿನಲ್ಲಿ ನಿಲ್ಲುವ, ಗಲ್ಲ ಕೊಂಚ ಎತ್ತಿಕೊಂಡು ಬದುಕುವ ಮುಖ ಬೇಕಿತ್ತು. ಅದು ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಒಂದು ಭಾನುವಾರ ಮನೆಗೆ ಬಂದು ಡ್ರಾಯರಿನಿಂದ ಕಂದು ಕವರು ತೆಗೆದುಕೊಂಡೆ. ಕದಿಯುತ್ತಿದ್ದೇನೆ ಎಂದು ಅನ್ನಿಸಲಿಲ್ಲ, ಇದು ಅಪ್ಪನಿಗೆ ನಾನು ತೋರಿಸುವ ಗೌರವ ಎಂದೇ ನಂಬಿದ್ದೆ.

ಚಾಮರಾಜಪೇಟೆಯಲ್ಲಿ ಅಂಟಿಸಲಿಲ್ಲ. ಅಷ್ಟು ಬುದ್ಧಿ ಇತ್ತು. ಮಲ್ಲೇಶ್ವರದಲ್ಲೂ ಬಸವನಗುಡಿಯಲ್ಲೂ ಹಾಕಿದೆವು. ನಾನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹೋದದ್ದು ಒಂದೇ. ಸತ್ತವರ ಪೋಸ್ಟರನ್ನು ಯಾರೂ ಓದುವುದಿಲ್ಲ. ಅಂಚು ನೋಡುತ್ತಾರೆ, ಮುಖ ನೋಡುತ್ತಾರೆ, ಆ ಮನೆಗೆ ಓಡುತ್ತಾರೆ. ಪೋಸ್ಟರ್ ಮಾಡುವವರ ಮಗಳಾಗಿ ಇದು ಎಲ್ಲರಿಗಿಂತ ಮೊದಲು ನನಗೆ ಗೊತ್ತಿರಬೇಕಿತ್ತು.

ಬೆಳಿಗ್ಗೆ ಏಳೂವರೆಗೆ ಬಸವನಗುಡಿಯ ಹೂವಿನ ವ್ಯಾಪಾರಿಯೊಬ್ಬರು ದೊಡ್ಡ ಹಾರ ಹೊತ್ತು ನಮ್ಮ ಬಾಗಿಲು ತಟ್ಟಿದರು. ಬಾಗಿಲು ತೆಗೆದವರು ಅಪ್ಪ. ಮೈಮೇಲೆ ಬನಿಯನ್, ಕೈಯಲ್ಲಿ ರಬ್ಬರ್ ಪಟ್ಟಿ. ಆ ಮನುಷ್ಯ ಅಲ್ಲೇ ಕುಸಿದು ಕೂತರಂತೆ. ಹಿಂದೆಯೇ ರಿಟೈರಾದ ಹೆಡ್‌ಮಾಸ್ತರು ಬಂದರು, ದರ್ಜಿ ಬಂದರು, ಎಂಟು ವರ್ಷದ ಹಿಂದೆ ಗಂಡನ ಪೋಸ್ಟರ್ ಮಾಡಿಸಿಕೊಂಡಿದ್ದ ಅಜ್ಜಿಯೊಬ್ಬರು ಸೊಸೆಯ ಕೈ ಹಿಡಿದು ಅಳುತ್ತಾ ಬಂದರು. ಅಮ್ಮ ಫೋನ್ ಮಾಡಿಸಿ ನನ್ನನ್ನು ಕರೆಸಿದಳು. ನಾನು ಬಂದಾಗ ಬೀದಿಯಲ್ಲಿ ಜನವೋ ಜನ. ಸ್ಕೂಟರು, ಸೈಕಲ್ಲು, ಆಟೋ. ಪೋಸ್ಟರಿನಲ್ಲಿದ್ದ ಬರಹವನ್ನು ಯಾರೋ ಓದಿ ಹೇಳಿದ್ದರು, ಅಳು ನಗುವಾಗಿತ್ತು. ಅಪ್ಪ ನಡುವೆ ನಿಂತು ಎಲ್ಲರಿಗೂ ಕಾಫಿ ಕೊಡಿಸುತ್ತಿದ್ದರು. "ಮಗಳು ಮಾಡಿದ್ದು. ಆರ್ಟಿಸ್ಟು" ಎಂದು ಒಬ್ಬೊಬ್ಬರಿಗೂ ಹೇಳುತ್ತಿದ್ದರು. ಅಜ್ಜಿ ಮಾತ್ರ ನನ್ನನ್ನು ನೋಡಿ, "ಏನೇ ಇದು ನಿನ್ ಹುಡುಗಾಟ, ನನ್ ಎದೆ ಒಡ್ದೋಯ್ತು" ಎಂದು ಬೈದರು.

ಎಲ್ಲರೂ ಹೋದ ಮೇಲೆ ಅಪ್ಪ ಮೇಜಿನ ಮೇಲಿದ್ದ ಹಾರಗಳನ್ನು ಒಂದು ಕಡೆ ಸರಿಸಿ ಕೂತರು. ಬೈಗುಳಕ್ಕೆ ನಾನು ತಯಾರಾಗಿದ್ದೆ.

"ಆ ಫೋಟೋನೇ ಯಾಕೆ ತಗೊಂಡೆ?"

"ಅದಕ್ಕಿಂತ ಒಳ್ಳೆ ಮುಖ ಸಿಗ್ಲಿಲ್ಲ."

ಅವರು ಹಾರಗಳಿಂದ ಉದುರಿದ ಹೂವನ್ನು ಒಟ್ಟು ಮಾಡಿದರು. "ಯಾರ್ಯಾರು ಬಂದ್ರು ಅಂತ ನೋಡ್ದೆ. ಖುಷಿ ಆಯ್ತು. ಇಷ್ಟು ಜನ ಬರ್ತಾರೆ ಅಂತ ನಂಗೂ ಗೊತ್ತಿರ್ಲಿಲ್ಲ" ಎಂದರು. ಆಮೇಲೆ ಬಹಳ ಮೆಲ್ಲಗೆ, "ಆದ್ರೆ ಜನ ಒಂದೇ ಸಲ ಬರ್ತಾರೆ ಕಣಮ್ಮ" ಎಂದರು. ನಾನು ನಕ್ಕುಬಿಟ್ಟೆ. ಅಪ್ಪನೂ ನಕ್ಕರು. ಫೋಟೋ ವಾಪಸ್ಸು ಕೊಟ್ಟೆ, ಅವರು ಅದೇ ಕವರಿಗೆ ಹಾಕಿ ಡ್ರಾಯರಿನಲ್ಲಿ ಇಟ್ಟರು.

ಆ ಪೋಸ್ಟರಿನಿಂದ ನನಗೆ ಹೆಸರು ಬಂತು. ಪೇಪರಿನಲ್ಲಿ ಬರೆದರು, ಒಂದು ಗ್ಯಾಲರಿಯಲ್ಲಿ ಗಾಜು ಹಾಕಿ ನೇತುಹಾಕಿದರು. ಉದ್ಘಾಟನೆಯ ದಿನ ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದರು. ವೈನ್ ಗ್ಲಾಸು ಹಿಡಿದು ಇಂಗ್ಲಿಷಿನಲ್ಲಿ ಮಾತಾಡುವ ಜನರ ನಡುವೆ ಹಾದು, ತಮ್ಮದೇ ಶ್ರದ್ಧಾಂಜಲಿಯ ಮುಂದೆ ನಿಂತು, ಕನ್ನಡಕ ಏರಿಸಿ, ಮೂಗು ಗಾಜಿಗೆ ತಗಲುವಷ್ಟು ಹತ್ತಿರದಿಂದ ನೋಡಿದರು. "ಕಪ್ಪು ಚೆನ್ನಾಗಿ ಕೂತಿದೆ" ಎಂದರು. ನಾನು ಬಾತ್‌ರೂಮಿಗೆ ಹೋಗಿ ಅತ್ತುಬಿಟ್ಟೆ.

ಆಮೇಲಿನ ವರ್ಷಗಳ ಬಗ್ಗೆ ಹೇಳಲು ನನಗೆ ಅಷ್ಟು ಮನಸ್ಸಿಲ್ಲ. ಫ್ಲೆಕ್ಸ್ ಬಂತು. ಸತ್ತವರು ಬಣ್ಣಬಣ್ಣವಾಗಿ, ಮೋಡಗಳ ನಡುವೆ, ಬಸ್ಸಿನಷ್ಟು ಉದ್ದಕ್ಕೆ ನಿಂತರು. ಸುತ್ತಲೂ ಇನ್ನೂ ಸಾಯದ ಇಪ್ಪತ್ತು ಮುಖಂಡರ ತಲೆಗಳು. ಅಪ್ಪನ ಬಾಗಿಲಿಗೆ ಫೋಟೋ ಹಿಡಿದು ಬರುವವರು ಕಡಿಮೆಯಾದರು, ಅವರ ಕಣ್ಣೂ ಮಂಜಾಯಿತು. ಯಾರಾದರೂ ಸತ್ತ ಸುದ್ದಿ ಕೇಳಿದರೆ ಮಾತ್ರ, ಪೋಸ್ಟರ್ ಇರಲಿ ಇಲ್ಲದಿರಲಿ, ಬರಿಗಾಲಲ್ಲಿ ಹೋಗಿ ಬೀದಿ ತುದಿಯವರೆಗೆ ನಡೆದು ಬರುತ್ತಿದ್ದರು. ನನ್ನ ಕತೆಯೂ ಅಷ್ಟೇ. ನಾನು ಉಗಿದಷ್ಟೂ ರಾಜಕಾರಣಿಗಳಿಗೆ ನಾನು ಇಷ್ಟವಾಗುತ್ತಾ ಬಂದೆ. ಒಬ್ಬರು ಫೋನ್ ಮಾಡಿಸಿ, ತಮ್ಮ ಆತ್ಮಸಾಕ್ಷಿಯ ಪೋಸ್ಟರಿನ ಒಂದು ಪ್ರತಿ ಆಫೀಸಿನಲ್ಲಿ ಹಾಕಿಕೊಳ್ಳಲು ಬೇಕು ಎಂದರು. ಆವತ್ತು ನನಗೆ ಬಂದ ಸಿಟ್ಟಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಈಗಿನ ಹುಡುಗ ಹುಡುಗಿಯರು ಪೋಸ್ಟರ್ ಮಾಡುವುದನ್ನು ಯಾಕೆ ನಿಲ್ಲಿಸಿದಿರಿ ಎಂದು ಕೇಳುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಸುಳ್ಳು ಹೇಳುತ್ತೇನೆ. ರಾಜಕಾರಣಿಯ ಫೋನಿನ ಕತೆ ಅವುಗಳಲ್ಲಿ ಒಂದು, ಅದು ನಡೆದದ್ದು ನಿಜವಾದರೂ ನಿಲ್ಲಿಸಿದ್ದು ಅದಕ್ಕಲ್ಲ.

ಅಪ್ಪ ಹೋದದ್ದು ಒಂದು ಬೆಳಿಗ್ಗೆ, ಕಾಫಿ ಕುಡಿದು ಮೇಜಿಗೆ ಒರಗಿ ಕೂತಲ್ಲೇ. ನಾನು ಆ ವೇಳೆಗೆ ಮನೆಗೆ ವಾಪಸ್ಸಾಗಿದ್ದೆ. ಅಮ್ಮ ನನ್ನನ್ನು ಕೂಗಿದ ದನಿಯಲ್ಲೇ ಗೊತ್ತಾಯಿತು. ಡಾಕ್ಟರು ಬಂದು ನೋಡಿ ಹೋದರು, ಓಕಳಿಪುರಂನಿಂದ ಅತ್ತೆ, ಮಾವ, ಅವರ ಮಕ್ಕಳು ಬಂದರು. ಮಾವ ವಿದ್ಯುತ್ ಚಿತಾಗಾರಕ್ಕೆ ಹೋಗಿ ಮೂರು ಗಂಟೆಗೆ ಸಮಯ ಗೊತ್ತು ಮಾಡಿಕೊಂಡು ಬಂದರು. ಅಮ್ಮ ಅಪ್ಪನ ಪಾದದ ಹತ್ತಿರ ಕೂತು, ನನ್ನ ಕಡೆ ನೋಡದೆಯೇ, "ಪೋಸ್ಟರ್ ಹಾಕು. ಎಲ್ಲರಿಗೂ ಹಾಕಿದಾರೆ ಅವ್ರು" ಎಂದಳು.

ಡ್ರಾಯರಿನಲ್ಲಿ ಕವರು ಇತ್ತು. ಬೇರೆ ಫೋಟೋ ಹುಡುಕಬಹುದಿತ್ತು. ನನ್ನ ಹತ್ತಿರವೇ ಹತ್ತಾರು ಇದ್ದವು, ನಗುತ್ತಿದ್ದ ಒಂದೂ ಇತ್ತು. ಆದರೆ ಇದು ಅಪ್ಪ ತಾವೇ ಆರಿಸಿಕೊಂಡದ್ದು, ಇದಕ್ಕಾಗಿಯೇ ತೆಗೆಸಿಕೊಂಡದ್ದು. ಅದನ್ನು ಬಿಟ್ಟು ಬೇರೆ ಹಾಕುವುದು ಅವರ ಕೊನೆಯ ಮಾತನ್ನೂ ಮೀರಿದ ಹಾಗೆ ಎನ್ನಿಸಿತು. ಒಂದು ಸಲವಾದರೂ ಅವರು ಹೇಳಿದಂತೆ ಮಾಡೋಣ ಎಂದುಕೊಂಡೆ. ಅವರ ಸ್ಕ್ರೀನು, ಅವರ ಅಂಚು, ಅವರ ದೀಪ. ಕಪ್ಪು ಚೆನ್ನಾಗಿ ಕೂತಿತು. ಮೂವತ್ತು ಪ್ರತಿ ತೆಗೆದು, ಚಪ್ಪಲಿ ಬಿಟ್ಟು, ಗಂಜಿ ಡಬ್ಬ ಹಿಡಿದು ಹೊರಟೆ. ಆ ವಾರ ಕಾರ್ಪೊರೇಷನ್ ಚುನಾವಣೆಯ ಪ್ರಚಾರ ನಡೆಯುತ್ತಿತ್ತು. ಬೀದಿ ತುಂಬ ಆಟೋಗಳಲ್ಲಿ ಮೈಕು. ಅದು ನನ್ನ ಕಿವಿಗೆ ಬೀಳುತ್ತಲೇ ಇತ್ತು, ತಲೆಗೆ ಹೋಗಲಿಲ್ಲ.

ಬೀದಿ ಮೂಲೆಯಲ್ಲಿ ಮೊದಲನೆಯದನ್ನು ಅಂಟಿಸಿ ನಿಂತಾಗ ಟೀ ಅಂಗಡಿಯವರು ಲೋಟ ತೊಳೆಯುತ್ತಾ ನೋಡಿದರು. ಮುಖ ಅರಳಿತು. "ಎಲೆಕ್ಷನ್ ಬಂತು, ಅಪ್ಪನ್ನ ಮತ್ತೆ ಸಾಯಿಸ್ಬಿಟ್ರಾ ಮೇಡಂ?" ಎಂದು ಗಟ್ಟಿಯಾಗಿ ನಕ್ಕರು. ಬೆಂಚಿನ ಮೇಲೆ ಕೂತಿದ್ದವರೂ ತಿರುಗಿ ನಕ್ಕರು. "ಸೂಪರ್ ಮೇಡಂ" ಎಂದು ಒಬ್ಬ ಹೆಬ್ಬೆರಳು ತೋರಿಸಿದ.

"ಇಲ್ಲ... ನಿಜವಾಗ್ಲೂ" ಎಂದೆ.

"ಹೋದ್ಸಲಾನೂ ನಿಜ ಅಂತಾನೇ ಬೇಸ್ತು ಬಿದ್ವಲ್ಲ!" ಎಂದರು. ಅವರ ತಪ್ಪು ಏನೂ ಇರಲಿಲ್ಲ. ನಾನು ಅಳಲಿಲ್ಲ. ಅತ್ತಿದ್ದರೆ ನಂಬುತ್ತಿದ್ದರೋ ಏನೋ. ಡಬ್ಬ ಎತ್ತಿಕೊಂಡು ಮುಂದಿನ ಗೋಡೆಗೆ ನಡೆದುಬಿಟ್ಟೆ.

ಹನ್ನೆರಡು ಗಂಟೆಯಾದರೂ ಮನೆ ಮುಂದೆ ಯಾರೂ ಇಲ್ಲ. ಅಕ್ಕಪಕ್ಕದ ಎರಡು ಮನೆಯವರು, ಅಳು ಕೇಳಿ ಬಂದವರು, ಅಷ್ಟೇ. ಮಾವ ಬಾಡಿಗೆಗೆ ತಂದಿದ್ದ ಕುರ್ಚಿಗಳು ಬೀದಿಯಲ್ಲಿ ಸಾಲಾಗಿ ಖಾಲಿ ನಿಂತಿದ್ದವು. ಅಮ್ಮ ಎರಡು ಸಲ ಬಾಗಿಲಿನ ಕಡೆ ನೋಡಿದಳು. ಮೂರನೆಯ ಸಲ, "ಪೋಸ್ಟರ್ ಹಾಕಿದ್ಯಾ?" ಎಂದು ಕೇಳಿದಳು. ಹಾಕಿದೆ ಎಂದೆ. "ಮತ್ತೆ?" ಎಂದಳು. ನಾನು ಮಾಡಿದ್ದು ಏನು ಎಂದು ಆಗ ಪೂರ್ತಿಯಾಗಿ ತಿಳಿಯಿತು. ಈಗ ಬರ್ತೀನಿ ಎಂದು ಹೊರಟೆ.

ಮನೆ ಮನೆಗೆ ಹೋದೆ. ಮೊದಲು ದರ್ಜಿಯ ಹತ್ತಿರ. ಅವರು ಮೆಷಿನ್ ನಿಲ್ಲಿಸಿ, ನನ್ನ ಬರಿಗಾಲು ನೋಡಿ, ಅಂಗಡಿ ಶಟರ್ ಎಳೆದು ಹೊರಟರು. ಅವರೊಬ್ಬರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಹೆಡ್‌ಮಾಸ್ತರು ಊರಲ್ಲಿರಲಿಲ್ಲ. ಬಸವನಗುಡಿಗೆ ಆಟೋ ಹಿಡಿದೆ. ಹೂವಿನ ವ್ಯಾಪಾರಿ ಹಾರ ಕಟ್ಟುತ್ತಲೇ, ತಲೆ ಎತ್ತದೆ, "ಈ ಸಲ ನಾ ಬರಲ್ಲಮ್ಮ, ಹೋದ್ಸಲ ಅರ್ಧ ಜೀವ ಹೋಗಿತ್ತು" ಎಂದರು. ಅವರನ್ನು ನಂಬಿಸಲು ಕಾಲು ಗಂಟೆ ಹಿಡಿಯಿತು. ನಂಬಿದ ಮೇಲೆ ಅವರು ಅತ್ತ ರೀತಿ ನೋಡಲಾಗಲಿಲ್ಲ. ಇನ್ನೊಂದು ಮನೆಯಲ್ಲಿ ಊಟ ಮಾಡುತ್ತಿದ್ದರು, ಎಂಜಲು ಕೈಯಲ್ಲೇ ಬಾಗಿಲಿಗೆ ಬಂದು, "ಪೋಸ್ಟರ್ ನೋಡಿದ್ವಿ, ಚೆನ್ನಾಗಿದೆ" ಎಂದರು. ಪ್ರತಿ ಬಾಗಿಲಲ್ಲೂ ನಿಂತು ನಮ್ಮಪ್ಪ ಸತ್ತಿದ್ದಾರೆ, ಸತ್ತಿದ್ದಾರೆ ಎಂದು ವಾದ ಮಾಡಿದೆ. ಅಪ್ಪ ಅಷ್ಟು ವರ್ಷ ನಡೆದ ಬೀದಿಗಳನ್ನು ಮೂರು ಗಂಟೆಯೊಳಗೆ ಸುತ್ತುವುದು ಆಗದ ಮಾತು, ಗೊತ್ತಿದ್ದೂ ನಿಲ್ಲಿಸಲು ಆಗಲಿಲ್ಲ. ಇನ್ನೊಂದು ಮನೆ, ಇನ್ನೊಂದೇ ಮನೆ ಎಂದುಕೊಂಡು ಹೋಗುತ್ತಿದ್ದೆ.

ಕೊನೆಗೆ ಹೋದದ್ದು ಆ ಅಜ್ಜಿಯ ಮನೆಗೆ. ಸೊಸೆ ಕೆಲಸಕ್ಕೆ ಹೋಗಿದ್ದರು, ಅಜ್ಜಿ ಒಬ್ಬರೇ ಜಗಲಿಯ ಮೇಲೆ ಅಕ್ಕಿ ಆರಿಸುತ್ತಿದ್ದರು. ಹೇಳಿದೆ. ಅವರು ಮೊರ ಕೆಳಗಿಟ್ಟು ನನ್ನನ್ನೇ ನೋಡಿದರು.

"ಹೋದ್ಸಲ ಹಿಂಗೇ ಓಡ್ಬಂದೆ ನಾನು. ನಂಗೆ ವಯಸ್ಸಾಯ್ತು ಕಣೇ. ನಿಜ ಹೇಳು."

"ನಿಜ ಅಜ್ಜಿ."

"ಆಣೆ ಇಡು."

"ಅಪ್ಪನಾಣೆ" ಎಂದೆ. ಚಿಕ್ಕಂದಿನಿಂದ ಬಾಯಿಗೆ ಬರುತ್ತಿದ್ದ ಆಣೆ ಅದೊಂದೇ. ಹೇಳಿದ ಮೇಲೆ ಕಿವಿಗೆ ಕೇಳಿಸಿತು. ಅಜ್ಜಿಗೂ ಕೇಳಿಸಿತು. ಅವರು ಗೋಡೆ ಹಿಡಿದು ಎದ್ದು, ಬಾಗಿಲಿಗೆ ಚಿಲಕ ಹಾಕಿ ನನ್ನ ಕೈ ಹಿಡಿದುಕೊಂಡರು.

ಚಾಮರಾಜಪೇಟೆಗೆ ವಾಪಸ್ಸಾದಾಗ ಪ್ರಚಾರದ ಮೆರವಣಿಗೆಯೊಂದು ಅಡ್ಡ ಬಂದು ಆಟೋ ನಿಂತಿತು. ಇಳಿದು ನಡೆದೆವು. ಅಜ್ಜಿಗೆ ಬೇಗ ನಡೆಯಲು ಆಗುತ್ತಿರಲಿಲ್ಲ, ಬಿಟ್ಟು ಓಡಲು ನನಗೆ ಮನಸ್ಸಾಗಲಿಲ್ಲ. ನಮ್ಮ ಬೀದಿ ತಿರುಗಿದಾಗ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ಬಾಗಿಲಲ್ಲಿ ಅಮ್ಮ ನಿಂತಿದ್ದಳು, ಮನೆಯೊಳಗಿಂದ ಹೊರಗಿನವರೆಗೆ ನೀರು ಹಾಕಿ ತೊಳೆದಿದ್ದರು.

"ನಿನಗೋಸ್ಕರ ಇಪ್ಪತ್ತು ನಿಮಿಷ ಕಾದ್ರು" ಎಂದಳು. "ಹೊತ್ತು ಮೀರತ್ತೆ ಅಂತ ಎತ್ಬಿಟ್ರು."

"ಎಷ್ಟು ಜನ ಹೋದ್ರಮ್ಮ?"

ಅಮ್ಮ ಅಜ್ಜಿಗೆ ಕಾಲು ತೊಳೆಯಲು ನೀರು ಕೊಟ್ಟಳು. ಆಮೇಲೆ ನನ್ನ ಕಡೆ ತಿರುಗಿ, "ಹದಿಮೂರು. ನೀನಿದ್ದಿದ್ರೆ ಬೀದಿ ತುದಿವರೆಗಾದ್ರೂ ಹದಿನಾಲ್ಕಾಗ್ತಿತ್ತು" ಎಂದಳು.